ಹೆಬ್ಬೆರಳಿನ ಕೆಳಗಿನ ಸ್ವಿಚ್

ಮಾರ್ಚ್ 4, ಮಂಗಳವಾರ

ಹದಿನಾಲ್ಕು ಫೈಲ್ ಮುಗಿಯಿತು. ಮೂಳೆ ಡಾಕ್ಟರದ್ದು ಎಂಟು, ಕಣ್ಣಿನ ಡಾಕ್ಟರದ್ದು ಆರು. ಮೂಳೆ ಡಾಕ್ಟರು ಏನೋ ಅಗಿಯುತ್ತಲೇ ಡಿಕ್ಟೇಶನ್ ಕೊಡುತ್ತಾರೆ — ಮೊಣಕಾಲು ಎಂದರೋ ಮೊಣಕೈ ಎಂದರೋ, ಮೂರು ಸಲ ಹಿಂದಕ್ಕೆ ಹೋಗಿ ಕೇಳಿದೆ. ತಪ್ಪಿದರೆ ಯಾರದೋ ಕೈಗೆ ಕಾಲಿನ ಆಪರೇಷನ್. ಹನ್ನೆರಡು ವರ್ಷದಿಂದ ಇದೇ. ಅವರು ಮಾತಾಡುತ್ತಾರೆ, ನಾನು ಮನೆಯಲ್ಲಿ ಕೂತು ಟೈಪ್ ಮಾಡುತ್ತೇನೆ. ನನಗೆ ಹೇಳಿ ಮಾಡಿಸಿದಂಥ ಕೆಲಸ.

ಹನ್ನೊಂದಕ್ಕೆ ಮೀಟಿಂಗ್. ಟೀಮ್ ಲೀಡರ್ ಲೆಕ್ಕ ಕೇಳಿದರು. "ಕಣ್ಣಿಂದು ಆರು" ಅನ್ನಲು ಹೋದೆ. ಕ... ಗಂಟಲಿಗೆ ಬೀಗ ಬಿತ್ತು. ಹೆಬ್ಬೆರಳು ತನ್ನಷ್ಟಕ್ಕೆ ಮೇಜಿನ ಕೆಳಗಿನ ಎಕ್ಸ್‌ಟೆನ್ಶನ್ ಬೋರ್ಡ್ ಹುಡುಕಿತು. ಟಕ್. ರೂಟರ್ ಆಫ್. ಫೋನಿನಿಂದ ಮೆಸೇಜ್ — ಸಾರಿ, ನೆಟ್ ಹೋಯ್ತು. ಆರು ಫೈಲ್.

ಇಲ್ಲಿ ಬರೆಯಲು ಹೆದರಿಕೆ ಏನು. ನಮ್ಮ ಮನೆಯ ನೆಟ್ ತಾನಾಗಿ ಒಂದು ದಿನವೂ ಹೋಗಿಲ್ಲ. ನಾನು ಉಗ್ಗುತ್ತೇನೆ, ಅಷ್ಟೆ. ಕ, ಪ, ಬ — ಈ ಮೂರೂ ನನ್ನ ಶತ್ರುಗಳು. ಉಳಿದ ಅಕ್ಷರಗಳ ಜೊತೆ ಹೇಗೋ ಸಂಸಾರ ನಡೆಯುತ್ತದೆ. ಬೈಸಿಕೊಳ್ಳುವುದು ಮಾತ್ರ ಪಾಪ ಆ ಕಪ್ಪು ಡಬ್ಬಿ.

ಮಾರ್ಚ್ 6, ಗುರುವಾರ

"ನೀವು ಬಾಯಿ ತೆಗೆದ್ರೆ ಸಾಕು, ನೆಟ್ ಹೋಗುತ್ತೆ. ಅದೇನು ಗ್ರಹಚಾರವೋ" ಅಂದರು ಟೀಮ್ ಲೀಡರ್. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವುದಕ್ಕೆ ಅಕ್ಷರ ಬೇಕಾಗಿಲ್ಲ.

ತಿಂಗಳ ಕೊನೆಯೊಳಗೆ ಹೊಸ ರೂಟರ್ ಹಾಕಿಸಬೇಕಂತೆ. ಆಫೀಸಿನ ಖರ್ಚಿನಲ್ಲೇ. ನಂಬಿಕೆಗೆ ಯೋಗ್ಯವಾದದ್ದು ಇರಬೇಕಂತೆ. ಸ್ಪೀಡ್ ಟೆಸ್ಟ್ ಮಾಡಿ ಸ್ಕ್ರೀನ್‌ಶಾಟ್ ಕಳಿಸಬೇಕಂತೆ.

ಮಧ್ಯಾಹ್ನವೆಲ್ಲ ರಿವ್ಯೂ ಓದಿದೆ. ಎರಡು ಆಂಟೆನಾ, ನಾಲ್ಕು ಆಂಟೆನಾ, ಡ್ಯುಯಲ್ ಬ್ಯಾಂಡ್ — ಒಂದು ದೂರ ಹೋಗುತ್ತದೆ, ಇನ್ನೊಂದು ವೇಗವಾಗಿ ಹೋಗುತ್ತದೆ. ಕೊನೆಗೆ ಒಂದು ಸಿಕ್ಕಿತು. "ಪದೇ ಪದೇ ಕಟ್ ಆಗುತ್ತದೆ, ದಯವಿಟ್ಟು ಯಾರೂ ಕೊಳ್ಳಬೇಡಿ." ಒಂದೇ ನಕ್ಷತ್ರ. ನನಗೆ ಬೇಕಾದದ್ದು ಅದೇ. ಗುರುತು ಹಾಕಿಟ್ಟೆ.

ಮಾರ್ಚ್ 9, ಭಾನುವಾರ

ತಮ್ಮನ ವಿಡಿಯೊ ಕಾಲ್. ವಾರಕ್ಕೊಮ್ಮೆ, ಹನ್ನೊಂದಕ್ಕೆ. ಚಿಕ್ಕಂದಿನಲ್ಲಿ ಅಂಗಡಿಯಲ್ಲಿ, ಶಾಲೆಯಲ್ಲಿ ನನ್ನ ಬದಲು ಅವನೇ ಮಾತಾಡುತ್ತಿದ್ದ. ನನಗಿಂತ ಮೂರು ವರ್ಷ ಚಿಕ್ಕವನು, ಆದರೂ ಮುಂದೆ ನಿಂತು "ಅಕ್ಕಂಗೆ ಎರಡು ಪೆನ್ಸಿಲ್ ಬೇಕಂತೆ" ಅನ್ನುತ್ತಿದ್ದ. ದೊಡ್ಡವಳಾದ ಮೇಲೆ ಉಗ್ಗು ಬಿಟ್ಟುಹೋಯಿತು ಎಂದುಕೊಂಡಿದ್ದಾನೆ. ಬಿಟ್ಟುಹೋಗಿಲ್ಲ. ನಾನು ಮುಚ್ಚಿಡುವುದರಲ್ಲಿ ಪಳಗಿದೆ.

ಅವನ ಮಗಳಿಗೆ ಎಂಟು ವರ್ಷ. ಮನೆಯಲ್ಲಿ ಎಲ್ಲರಿಗೂ ಅವಳು ಪುಟ್ಟಿ. ನಾನೊಬ್ಬಳೇ ಮರಿ ಅನ್ನುತ್ತೇನೆ. ಅತ್ತೆಗೆ ಅದೇ ಮುದ್ದು ಎಂದುಕೊಂಡಿದ್ದಾರೆ. ಈ ಸಲ ಅವಳು ತಲೆ ಆಡಿಸಿದ್ದು ಬಿಟ್ಟರೆ ತುಟಿ ಬಿಚ್ಚಲಿಲ್ಲ. "ಈಗೀಗ ನಾಚಿಕೆ ಜಾಸ್ತಿ" ಅಂದ ತಮ್ಮ.

ಹತ್ತು ನಿಮಿಷದಲ್ಲಿ ಒಂದು ಸಲ ಹೆಬ್ಬೆರಳು ಬೇಕಾಯಿತು. ಕಾಲ್ ಅಲ್ಲಿಗೆ ಮುಗಿಯಿತು. ಆಮೇಲೆ ಇಡೀ ದಿನ ಮನೆಯಲ್ಲಿ ಫ್ರಿಜ್ಜಿನ ಸದ್ದು ಮಾತ್ರ. ಬೇಸರವಾಗುತ್ತದೆ. ಒಂಟಿ ಅನ್ನಿಸುತ್ತದೆ. ಬರೆದರೂ ಕಡಿಮೆಯಾಗುವುದಿಲ್ಲ.

ಮಾರ್ಚ್ 12, ಬುಧವಾರ

ಅಂಗಡಿಗೆ ಹೋದೆ. ಅಂಗಡಿಯಾಕೆಗೆ ಅರವತ್ತರ ಹತ್ತಿರ, ಕನ್ನಡಕ ದಾರದಲ್ಲಿ ತೂಗುತ್ತಿತ್ತು. ಡಾಕ್ಟರ ಹಾಗೆ ವಿಚಾರಿಸಿದರು.

"ಮನೇಲಿ ಎಷ್ಟು ಜನ?"

ಒಂದು ಬೆರಳು ಎತ್ತಿದೆ.

"ಎಷ್ಟು ರೂಮು? ಗೋಡೆ ದಪ್ಪಾನಾ?"

ಎರಡು ಬೆರಳು. ತಲೆ ಆಡಿಸಿದೆ. ಮೂಕಿ ಎಂದುಕೊಂಡಿರಬೇಕು, ಆಮೇಲೆ ಸ್ವಲ್ಪ ಗಟ್ಟಿಯಾಗಿ ಮಾತಾಡಿದರು. ಒಂದು ಬಿಳಿ ರೂಟರ್ ತೋರಿಸಿದರು. ಜೊತೆಗೆ ಬ್ಯಾಟರಿ — ರೂಟರಿಗೂ ಲೈನ್ ಬರುವ ಡಬ್ಬಿಗೂ ಎರಡಕ್ಕೂ ಸಾಕಂತೆ. "ಕರೆಂಟ್ ಹೋದ್ರೂ ನಾಲ್ಕು ಗಂಟೆ ಅಲ್ಲಾಡಲ್ಲ. ಗೋಡೆ ಸ್ವಿಚ್ ಆಫ್ ಮಾಡಿದ್ರೂ ಇದು ನಡೀತಾನೇ ಇರುತ್ತೆ."

ಆಫ್ ಆಗದ ರೂಟರ್ ನನಗೆ ಯಾಕೆ. ಫೋನ್ ತೆಗೆದು ಒಂದು ನಕ್ಷತ್ರದ್ದನ್ನು ತೋರಿಸಿದೆ.

"ಇದಾ? ತಗೊಂಡೋರೆಲ್ಲ ವಾರದಲ್ಲಿ ವಾಪಸ್ ತರ್ತಾರೆ. ನಿಮಗ್ಯಾಕೆ ಈ ತಲೆನೋವು?"

ಅದೇ ಬೇಕು ಎಂದು ಬೆರಳಲ್ಲೇ ತೋರಿಸಿದೆ. ಸ್ಟಾಕ್ ಇಲ್ಲ, ಮುಂದಿನ ಶನಿವಾರ ಬನ್ನಿ ಅಂದರು.

ಬರುವಾಗ ಹೋಟೆಲಿನಲ್ಲಿ ಟೀ ಕುಡಿದೆ. ನನಗೆ ಟೀ ಸೇರುವುದಿಲ್ಲ. ಕಾಫಿ ಎಂದು ಕೇಳಲು ಬಾರದೆ ಇಪ್ಪತ್ತು ವರ್ಷದಿಂದ ಹೊರಗೆಲ್ಲ ಟೀಯನ್ನೇ ಕುಡಿಯುತ್ತಿದ್ದೇನೆ.

ಮಾರ್ಚ್ 16, ಭಾನುವಾರ

ತಮ್ಮ ಒಬ್ಬನೇ ಕಾಲ್ ಮಾಡಿದ. ಬಾಗಿಲು ಹಾಕಿಕೊಂಡು ಕೂತಿದ್ದ.

"ಅಕ್ಕಾ, ಪುಟ್ಟಿಗೆ ಮಾತು ತಡೀತಿದೆ. ಎರಡು ತಿಂಗಳಾಯ್ತು. ನಿಂಗೆ ಹೇಳಿ ಯಾಕೆ ಹಳೇದೆಲ್ಲ ನೆನಪು ಮಾಡಿಸ್ಲಿ ಅಂತ ಸುಮ್ನಿದ್ದೆ."

ಬುಧವಾರ ಕ್ಲಾಸಿನಲ್ಲಿ ಪಾಠ ಓದಲು ಎಬ್ಬಿಸಿದರಂತೆ. ಎರಡನೇ ಸಾಲಿನಲ್ಲಿ ಮಾತು ಸಿಕ್ಕಿಕೊಂಡಿತಂತೆ. ಬಾಯಿ ತೆರೆದುಕೊಂಡು, ಅಲ್ಲಾಡದೆ, ಹಾಗೇ ನಿಂತಳಂತೆ. ಆಮೇಲೆ "ನೆಟ್ ಹೋಯ್ತು ಮಿಸ್" ಎಂದು ಕೂತುಬಿಟ್ಟಳಂತೆ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತಂತೆ. ಈಗ ಮಕ್ಕಳು ಅವಳನ್ನು ಕರೆಯುವುದೇ ಹಾಗೆ. ಅವತ್ತಿನಿಂದ ಶಾಲೆಯಲ್ಲಿ ಒಂದು ಮಾತೂ ಆಡಿಲ್ಲ.

"ಹೀಗೇ ಮೂಕಿ ಆಗ್ಬಿಡ್ತಾಳೇನೋ ಅಂತ ಭಯ ಅಕ್ಕಾ. ಆ ಮಾತು ಎಲ್ಲಿ ಕಲಿತಳೋ ಗೊತ್ತಿಲ್ಲ."

ನನಗೆ ಗೊತ್ತು. ವಾರ ವಾರ ಸ್ಕ್ರೀನಿನಲ್ಲಿ ನನ್ನ ಮುಖ ಬಾಯಿ ತೆರೆದು ನಿಲ್ಲುವುದನ್ನು ನೋಡಿದ ಮಗು. ಆಮೇಲೆ ಬರುವ ಮೆಸೇಜನ್ನು ಅಪ್ಪನಿಗೆ ಓದಿ ಹೇಳುವವಳೂ ಅವಳೇ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಪು... ಪು...

ಹೆಬ್ಬೆರಳು. ಟಕ್.

ಮಾರ್ಚ್ 17, ಸೋಮವಾರ

ಆರು ಫೈಲ್. ಎರಡು ತಪ್ಪು. ಮೀಟಿಂಗಿಗೆ ಹೋಗಲಿಲ್ಲ. ನನ್ನ ಮೇಲೆ ನನಗೇ ಅಸಹ್ಯ.

ಮಾರ್ಚ್ 22, ಶನಿವಾರ

ಅಂಗಡಿಯಾಕೆ ಒಂದು ನಕ್ಷತ್ರದ್ದನ್ನು ತರಿಸಿ ಕೌಂಟರ್ ಮೇಲೆ ಇಟ್ಟಿದ್ದರು. "ಆಮೇಲೆ ನನ್ನ ಬೈಬೇಡಿ" ಅಂದರು.

ಬಿಳಿಯದನ್ನು ಬೆರಳಲ್ಲಿ ತೋರಿಸಬಹುದಿತ್ತು. ಕೈ ಜೇಬಿನಲ್ಲೇ ಇಟ್ಟುಕೊಂಡೆ. "ಬ... ಬ್ಯಾ... ಬ್ಯಾ..." ಹಿಂದೆ ಇಬ್ಬರು ನಿಂತಿದ್ದರು. ಒಬ್ಬ ಗಡಿಯಾರ ನೋಡಿಕೊಂಡ. ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಲು ಶುರು ಮಾಡಿದರು.

"ನಿಧಾನಕ್ಕೆ ಹೇಳಿ. ಅಂಗಡಿ ಎಂಟರ ತನಕ ತೆಗೆದಿರುತ್ತೆ."

"ಬ್ಯಾ... ಬ್ಯಾಟರಿ ಇರೋದು."

"ಅದನ್ನೇ ಅವತ್ತೇ ಹೇಳಿದ್ದೆ" ಅಂದರು. ಬೇರೇನೂ ಅನ್ನಲಿಲ್ಲ.

ನಡುಮನೆಯ ಶೆಲ್ಫಿನ ಮೇಲೆ ಇಟ್ಟೆ, ವೈರ್ ಮಾತ್ರ ಮೇಜಿನ ಕೆಳಗಿನ ಅದೇ ಬೋರ್ಡಿಗೆ. ನೆಲದ ಮೇಲೆ ಇಡಬಾರದಂತೆ, ಬೀರುವಿನ ಒಳಗೂ ಇಡಬಾರದಂತೆ, ಮನೆಯ ನಡುವೆ ಎತ್ತರದಲ್ಲಿ ಇರಬೇಕಂತೆ. ಲ್ಯಾಪ್‌ಟಾಪ್ ಹಿಡಿದು ಓಡಾಡಿದೆ. ಅಡುಗೆಮನೆಯಲ್ಲೂ ಪೂರ್ತಿ ಸಿಗ್ನಲ್. ಸ್ಕ್ರೀನ್‌ಶಾಟ್ ಕಳಿಸಿದೆ. ಮೂವತ್ತು ಸಾಧನ ಜೋಡಿಸಬಹುದು ಎಂದು ಡಬ್ಬಿಯ ಮೇಲಿದೆ. ಪಟ್ಟಿಯಲ್ಲಿ ಎರಡು — ಫೋನು, ಲ್ಯಾಪ್‌ಟಾಪು. ಎರಡೂ ನನ್ನವೇ.

ಮಾರ್ಚ್ 23, ಭಾನುವಾರ, ಬೆಳಿಗ್ಗೆ 10.30

ತಮ್ಮನಿಗೆ ಮೆಸೇಜ್ ಹಾಕಿದೆ. ಇವತ್ತು ಮರಿಯನ್ನು ಒಬ್ಬಳೇ ಕೂರಿಸು, ನೀನು ಹೊರಗೆ ಹೋಗು.

ರೂಟರಿನ ಮೇಲೆ ನಾಲ್ಕು ಹಸಿರು ದೀಪ. ಒಂದೂ ಮಿಣುಕುವುದಿಲ್ಲ, ದರಿದ್ರದ್ದು.

ಅದೇ ದಿನ, 12.15

ಮರೆಯುವ ಮೊದಲು ಬರೆದಿಡಬೇಕು.

ಕುರ್ಚಿಯ ಮೇಲೆ ಮೊಣಕಾಲು ಮಡಿಸಿ ಕೂತಿದ್ದಳು. ತಲೆ ಬಗ್ಗಿಸಿಯೇ ಇದ್ದಳು. ಮರಿ ಅನ್ನಬಾರದು ಎಂದು ನಿರ್ಧರಿಸಿದ್ದೆ. ಪ... ನಿಂತಿತು. ಬಾಯಿ ತೆರೆದೇ ಇತ್ತು. ಹಾಳಾದ ಹೆಬ್ಬೆರಳು — ನಾನು ಹೇಳದೆಯೇ ಹೋಗಿ ಒತ್ತಿತು. ಟೇಬಲ್ ಫ್ಯಾನ್ ನಿಂತಿತು. ಟೇಬಲ್ ಲ್ಯಾಂಪ್ ಆರಿತು. ಶೆಲ್ಫಿನ ಮೇಲೆ ನಾಲ್ಕು ದೀಪ ಹಾಗೇ ಇದ್ದವು. ಅವಳೂ ಸ್ಕ್ರೀನಿನಲ್ಲಿ ಹಾಗೇ ಇದ್ದಳು. ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು.

"ಅತ್ತೆ, ನೆ-ನೆಟ್ ಹೋಯ್ತಾ?"

ಇಲ್ಲ ಎಂದು ತಲೆ ಆಡಿಸಿದೆ. ನಾನು ಅಲ್ಲಾಡಿದ್ದು ಕಂಡು ಅವಳ ಕಣ್ಣು ದೊಡ್ಡದಾಯಿತು.

"ನೆಟ್ ಚೆನ್ನಾಗಿದೆ. ಯಾವತ್ತೂ ಹೋಗಿರ್ಲಿಲ್ಲ. ನನ್ನ ಮಾತೇ ನಿಲ್ತಿತ್ತು. ನಾನೇ ಸ್ವಿಚ್ ಆಫ್ ಮಾಡ್ತಿದ್ದೆ. ಸುಳ್ಳು ಹೇಳ್ತಿದ್ದೆ." ಉಸಿರು ಎಳೆದುಕೊಂಡೆ. "ಪ... ಪು... ಪುಟ್ಟಿ."

ಎಷ್ಟು ಹೊತ್ತು ಹಿಡಿಯಿತೋ. ಅವಳು ಕಾದಳು. ನನ್ನ ಬದಲು ಆ ಪದವನ್ನು ತಾನು ಹೇಳಲಿಲ್ಲ.

"ನಿ... ನಿ... ನಿಂಗೂನಾ?"

"ನಂಗೂ."

ಕುರ್ಚಿಯನ್ನು ಸ್ಕ್ರೀನಿನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ನಲವತ್ತು ನಿಮಿಷ ಮಾತಾಡಿದೆವು. ಬೇರೆಯವರಾಗಿದ್ದರೆ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದರು. ಅವಳ ಶತ್ರು ನ ಮತ್ತು ಮ ಅಂತೆ. ನನ್ನವನ್ನು ಹೇಳಿದೆ. "ಅಂದ್ರೆ ನಿ-ನಿಂಗೆ ಬರೋದು ನಂಗೆ ಬರಲ್ಲ, ನಂಗೆ ಬರೋದು ನಿಂಗೆ ಬರಲ್ಲ" ಎಂದು ನಕ್ಕಳು. ಪಾಠದ ಪುಸ್ತಕ ತಂದು ಆ ಎರಡನೇ ಸಾಲು ಓದಿದಳು. ನಡುವೆ ನಿಂತಿತು. ಕಾದೆ. ಮುಗಿಸಿದಳು.

ಕೊನೆಗೆ ಮೆಲ್ಲಗೆ ಕೇಳಿದಳು. "ಅಪ್ಪಂಗೆ ಗೊತ್ತಾ?"

"ಇಲ್ಲ."

"ನಾ-ನಾನು ಹೇಳಲ್ಲ."

"ಹೇಳು. ನೀನೇ ಹೋಗಿ ಹೇಳು."

ಓಡಿದಳು. ಕಾಲ್ ಕಟ್ ಮಾಡುವುದನ್ನೂ ಮರೆತು. ಖಾಲಿ ಕುರ್ಚಿಯನ್ನು ನೋಡುತ್ತ ಕೂತಿದ್ದೆ, ಆಮೇಲೆ ನಾನೇ ಕಟ್ ಮಾಡಿದೆ. ಫ್ಯಾನ್ ಇನ್ನೂ ಹಾಕಿಲ್ಲ.

ಈಗ ತಮ್ಮನ ಕಾಲ್ ಬರುತ್ತಿದೆ. ಅವಳು ಹೇಳಿರಬೇಕು. ಎಲ್ಲ ಕಡೆ ನನ್ನ ಬದಲು ಅವನೇ ಮಾತಾಡಿದ್ದ. ಎತ್ತುತ್ತೇನೆ. ಇವತ್ತು ನಾನೇ —