ಖಾಲಿ ಬಿಟ್ಟ ಸಾಲು

ಮಾರ್ಚ್ 3, ಮಧ್ಯಾಹ್ನ 12.40
ಇಲಿಗಳ ರಕ್ತ ತೆಗೆಯುವ ದಿನ. ಹದಿನಾರನೆಯದು ಕೊಸರಿಕೊಂಡಿತು. ಸೂಜಿ ಗ್ಲೌಸ್ ದಾಟಿ ಹೆಬ್ಬೆರಳಿಗೆ ಚುಚ್ಚಿತು. ಸಾಸಿವೆಯಷ್ಟು ರಕ್ತ. ಸೋಪು ಹಾಕಿ ತೊಳೆದೆ. ಅಪಘಾತದ ರಿಜಿಸ್ಟರ್‌ನಲ್ಲಿ ಬರೆಯಲಿಲ್ಲ. ಬರೆದರೆ ಆರು ವಾರ ಲ್ಯಾಬ್ ಬಂದ್. ಹೇಗೂ ಅವಕ್ಕೆ ಹಾಕಿದ ಈ ಹೆಪಟೈಟಿಸ್ (ಕಾಮಾಲೆ) ವೈರಸ್ ಇಲಿಯ ಲಿವರ್‌ನಲ್ಲಷ್ಟೇ ಬೆಳೆಯುವುದು... ಹತ್ತು ವರ್ಷದಿಂದ ನಾನೇ ಪಾಠ ಹೇಳುತ್ತಿದ್ದೇನೆ.

ಮಾರ್ಚ್ 9
ತಂಗಿ ಏಳು ತಿಂಗಳ ಬಸುರಿ. ನನ್ನ ಜೊತೆಯೇ ಇದ್ದಾಳೆ. ಹಣ್ಣು ಹೆಚ್ಚಿಕೊಟ್ಟೆ.
"ಅಕ್ಕಾ, ಇಲಿ ಮುಟ್ಟಿದ ಕೈ ತೊಳ್ಕೊಂಡ್ಯಾ?" ದಿನದ ತಮಾಷೆ.
ನಕ್ಕೆ. ಹೆಬ್ಬೆರಳು ನೋಡಿಕೊಂಡೆ. ಗುರುತೂ ಇಲ್ಲ.

ಮಾರ್ಚ್ 24, ಬೆಳಿಗ್ಗೆ 10
ಮನುಷ್ಯರ ಲಿವರ್ ಕೋಶಗಳ ಪ್ಲೇಟ್. ಅದರಲ್ಲಿ ವೈರಸ್ ಹಾಕುವುದು, ಬೆಳೆಯುವುದಿಲ್ಲ ಎಂದು ತೋರಿಸಲಷ್ಟೇ. ಬೆಳೆದಿದೆ. ಮೂರು ದಿನಕ್ಕೆ ನೂರು ಪಟ್ಟು. ಹಿರಿಯ ಟೆಕ್ನಿಷಿಯನ್ (ಎಲ್ಲರಿಗೂ ಅವರು 'ಮಾವ') ಮತ್ತೆ ಪರೀಕ್ಷಿಸಿದರು. ಅದೇ ಉತ್ತರ. ವೈರಸ್ಸಿನ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ.
"ಯಾವ ಇಲೀದಮ್ಮಾ ಇದು?"
"ಹದಿನಾರು."
"ಬೆಕ್ಕಿಗೆ ಹೆದರೋದು ಬಿಟ್ಟು ನಮ್ಮನ್ನೇ ಹೆದರಿಸ್ತಿದೆಯಲ್ಲ."
ನಗಲಾಗಲಿಲ್ಲ. ಗ್ಲೌಸ್ ಕಳಚಿ ಹೆಬ್ಬೆರಳು ನೋಡಿಕೊಂಡೆ.

ಮಾರ್ಚ್ 25
ಮಾವನಿಗೆ ಹೇಳಿದೆ. ಬೈಯಲಿಲ್ಲ. ರಿಜಿಸ್ಟರ್ ತೆರೆದು ಪೆನ್ನು ಮುಂದಿಟ್ಟರು.
"ಮೂರನೇ ತಾರೀಕು ಅಂತಲೇ ಬರಿ. ಆಮೇಲೆ ತೋಳು ಚಾಚು."

ಮಾರ್ಚ್ 26
ನನ್ನ ರಕ್ತದಲ್ಲಿ ಇದೆ. ಅದೇ ಅಕ್ಷರ. ಜ್ವರವಿಲ್ಲ, ಸುಸ್ತಿಲ್ಲ. ಮೂರು ವಾರ ಅಡುಗೆ ಮಾಡಿದ್ದು ಇದೇ ಕೈ. ಬಸುರಿಯರ ಲಿವರ್‌ಗೆ ಇಂಥದ್ದು ಹೊಕ್ಕರೆ ತಾಯಿ, ಮಗು ಇಬ್ಬರೂ... ಗೊತ್ತಿರಲಿಲ್ಲವೇ? ಗೊತ್ತುಮಾಡಿಕೊಳ್ಳಲು ಮನಸ್ಸಿರಲಿಲ್ಲವೇ?
ತಂಗಿಗೆ ಹೇಳಿದೆ. "ಮೊದಲೇ ಹೇಳ್ಬಾರದಿತ್ತಾ, ಅಕ್ಕಾ?" ಅಷ್ಟೇ. ಅವಳ ರಕ್ತ ಪರೀಕ್ಷೆ: ಏನೂ ಇಲ್ಲ. ಡಾಕ್ಟರ್ ಹೇಳಿದ್ದು: "ಈಗಲೇ ನಿರಾಳವಾಗ್ಬೇಡಿ. ಆರು ವಾರ ಕಾಯ್ಬೇಕು."

ಏಪ್ರಿಲ್ 14, ಬೆಳಿಗ್ಗೆ 8.15
ಹತ್ತೊಂಬತ್ತು ದಿನದಿಂದ ಹಿತ್ತಿಲ ಕೋಣೆಯಲ್ಲಿ ಒಬ್ಬಳೇ. ಬೇರೆ ತಟ್ಟೆ, ಬೇರೆ ಬಚ್ಚಲು. ತಂಗಿ ಕಿಟಕಿಯ ಗಾಜಿನಾಚೆ ನಿಂತು ಮಾತಾಡಿಸುತ್ತಾಳೆ.
"ಎರಡು ದಿನದಿಂದ ಹಸಿವೇ ಇಲ್ಲ, ಅಕ್ಕಾ. ನಿನ್ನ ಅಡುಗೆ ತಪ್ಪಿದ್ದಕ್ಕೇ ಇರ್ಬೇಕು."
"ಬೆಳಕಿಗೆ ಬಾ. ಹತ್ತಿರ."
"ಮತ್ತೆ ಡಾಕ್ಟರಾಟ ಶುರು."
"ಮೇಲೆ ನೋಡು. ಕೆಳರೆಪ್ಪೆ ಎಳಿ."
ಎಳೆದಳು. ಬಿಳಿ ಇರಬೇಕಾದಲ್ಲಿ — ಹಳದಿ.