ಮೂರನೇ ತೊಟ್ಟಿಯ ಬೆಳಕು

ಗಿಂಬಾಲ್, ಇಲೋಯಿಲೋ
ಮಾರ್ಚ್ ೧೪, ಶನಿವಾರ ಸಂಜೆ

ಪ್ರೀತಿಯ ರೊದೆಲ್,

ಹಾಗಾಗಿ ಆ ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ, ಸುಮ್ಮನಾಗುತ್ತವೆ ಅಷ್ಟೆ ಎಂದು ನಿನ್ನೆ ಫೋನಿನಲ್ಲಿ ಹೇಳುತ್ತಿದ್ದೆನಲ್ಲ, ಅಷ್ಟರಲ್ಲಿ ನೀನು “ಕೆಲ್ಸ ಇದೆ ಅಪ್ಪಾ” ಎಂದು ಇಟ್ಟುಬಿಟ್ಟೆ. ಕಾಗದವಾದರೆ ಪೂರ್ತಿ ಕೇಳಿಸಿಕೊಳ್ಳುತ್ತದೆ. ನಾಳೆ ಬೆಳಗಿನ ಬೋಟಿನಲ್ಲಿ ಬಾಕೊಲೋದ್‌ಗೆ ಕಳಿಸುತ್ತೇನೆ. ನಿನ್ನ ಕೆಮ್ಮು ಹೇಗಿದೆ? ಆ ಸಕ್ಕರೆ ಕಾರ್ಖಾನೆಯ ಹೊಗೆ ಒಳ್ಳೆಯದಲ್ಲ. ಶುಂಠಿ ಕಷಾಯ ಕುಡಿ. ನಿಮ್ಮಮ್ಮ ಇದ್ದಿದ್ದರೆ ಬಾಟಲಿಗೆ ತುಂಬಿ ಕಳಿಸುತ್ತಿದ್ದಳು. ನಾನು ಮಾಡಿದರೆ ಬರೀ ಖಾರ.

ಮಂಗಳವಾರ ದೀಪ ಆರಿಸಿ ನೋಡಿದರೆ ನಮ್ಮ ಸೀಗಡಿ ಹ್ಯಾಚರಿಯ ಮೂರನೇ ತೊಟ್ಟಿಯ ನೀರು ನೀಲಿಯಾಗಿ ಹೊಳೆಯುತ್ತಿತ್ತು. ನೀನು ಚಿಕ್ಕವನಿದ್ದಾಗ ಅದನ್ನು ಕಂಡು ಚಪ್ಪಾಳೆ ತಟ್ಟಿ ನಿಮ್ಮಮ್ಮನ ಕೈಲಿ ಏಟು ತಿಂದಿದ್ದೆ. ಹೊಳೆದ ತೊಟ್ಟಿಯಲ್ಲಿ ಸೀಗಡಿ ಮರಿ ಉಳಿಯುವುದಿಲ್ಲವಲ್ಲ. ನಿನ್ನ ಸೋದರಮಾವ ಬೆರ್ತೊ ಎಲ್ಲ ಚೆಲ್ಲಿ ತೊಳೆಯಲು ಕ್ಲೋರಿನ್ ಡಬ್ಬ ತಂದೇಬಿಟ್ಟ. ನಿನ್ನ ತಂಗಿ ನೆನಿತಾ ಅಡ್ಡ ನಿಂತು, ತಿಲಾಪಿಯಾ ಮೀನಿನ ಹೊಂಡದ ಹಸಿರು ನೀರನ್ನು ಬಕೆಟ್ಟಿನಲ್ಲಿ ಹೊತ್ತು ತಂದು ಸುರಿಯತೊಡಗಿದಳು.

“ಮರಿಗೆ ಮೀನಿನ ಉಚ್ಚೆ ಕುಡಿಸ್ತೀಯೇನೇ?” ಎಂದ ಬೆರ್ತೊ.

“ಕುಡಿದು ಬದುಕಿದ್ರೆ ನಿಮ್ಮ ಗಂಟೇನು ಹೋಗುತ್ತೆ, ಮಾವಾ?”

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನೀರನ್ನು ಹೊಳೆಸುವ ಈ ಬ್ಯಾಕ್ಟೀರಿಯಾ ಒಂದೊಂದೂ ಏನೋ ರಸ ಬಿಟ್ಟು ಕೂಗು ಹಾಕುತ್ತದಂತೆ. ಕೂಗು ದಟ್ಟವಾದಾಗ ಸಾಕಷ್ಟು ಮಂದಿ ಸೇರಿದೆವೆಂದು ತಿಳಿದು ಎಲ್ಲವೂ ಒಟ್ಟಿಗೆ ಬೆಳಗುತ್ತವೆ, ಒಟ್ಟಿಗೆ ವಿಷ ಕಾರುತ್ತವೆ. ನಮ್ಮ ಕಾಲೇಜು ಸಂಘದಲ್ಲಿ ಸಾಕಷ್ಟು ಮಂದಿ ಸೇರದಿದ್ದರೆ “ನೋ ಕೋರಂ, ನೋ ಮೀಟಿಂಗ್” ಅನ್ನುತ್ತಿದ್ದರು. ಮುಂದೆ “ಅಡ್ಜರ್ನ್” ಎಂದೇನೋ ಬರುತ್ತಿತ್ತು, ಮರೆತಿದೆ. ಹಸಿರು ನೀರಿನ ಜೀವಿಗಳಲ್ಲಿ ಕೆಲವು ಕಿಣ್ವ ಬಿಟ್ಟು ಆ ಕೂಗನ್ನೇ ಕತ್ತರಿಸುತ್ತವೆ. ಇನ್ನು ಕೆಲವು ಅಂಥದ್ದೇ ಹುಸಿ ರಾಸಾಯನಿಕ ಬಿಟ್ಟು ಕಿವಿಗೆ ಬೆಣೆ ಬಡಿಯುತ್ತವೆ.

“ಅವು ಅಲ್ಲೇ ಇರ್ತವೆ ಅಪ್ಪಾ. ತಾವು ಎಷ್ಟು ಮಂದಿ ಇದೀವಿ ಅಂತ ಗೊತ್ತಾಗಲ್ಲ, ಅಷ್ಟೆ.”

ನನಗೇಕೋ ಆ ಹಾಳು ಜೀವಿಗಳ ಮೇಲೇ ಕನಿಕರ ಬಂತು. ನಿಮ್ಮಮ್ಮ ತೀರಿಕೊಂಡ ಮೇಲಿನ ಒಂಬತ್ತು ದಿನದ ಪ್ರಾರ್ಥನೆ ಮುಗಿದು, ಬಂದವರೆಲ್ಲ ಅನ್ನದ ಪಾತ್ರೆ ತೊಳೆದಿಟ್ಟು ಹೋದ ಸಂಜೆ ನಾನೂ ಹಾಗೇ ಕೂತಿದ್ದೆ.

ಸೋಮವಾರ ಹ್ಯಾಚರಿ ಕೊಳ್ಳುವವರು ಬರುತ್ತಾರೆ. ಈ ಸಲವೂ ಮರಿ ಸತ್ತರೆ ಮಾರುವುದೇ ಸರಿ ಎಂದು ನೀನಂದೆ, ನಾನೂ ಹೂಂ ಅಂದೆ. ನೆನಿತಾ ಅಂದಿನಿಂದ ತೊಟ್ಟಿಯ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಾಳೆ. ನಿನ್ನೆ ಹೊಳಪು ಮಂಕಾಗಿತ್ತು. ಇವತ್ತು ಪೂರ್ತಿ ಆರಿದ್ದರೆ ಮರಿ ಉಳಿದ ಹಾಗೆ. ಇನ್ನೂ ಹೇಳುವುದಿತ್ತು, ಆದರೆ ಅಕ್ಷರ ಕಾಣುತ್ತಿಲ್ಲ. ಹೊರಗೆ ಬೆಳಕು ಇಳಿಯುತ್ತಿದೆ, ತೊಟ್ಟಿ ನೋಡುವ ಹೊತ್ತಾಯಿತು.

ದೇವರು ನಿನ್ನನ್ನು ತಂಪಾಗಿಟ್ಟಿರಲಿ.

ನಿನ್ನ ಅಪ್ಪ,
ಎಲ್ಪಿದಿಯೊ

ಇನ್ನೊಂದು ಮಾತು: ನೋಡಿ ಬಂದೆ. ದೀಪ ಆರಿಸಿ ಮೂವರೂ ಬಗ್ಗಿ ನಿಂತೆವು. ಮಸಿಯಂಥ ಕತ್ತಲು, ಒಂದು ಚುಕ್ಕಿಯೂ ಇಲ್ಲ. ಟಾರ್ಚ್ ಹಾಕಿದರೆ ಮರಿಗಳು ಬೆಳಕಿಗೆ ಮುತ್ತಿಕೊಂಡವು. “ಇನ್ನೊಂದು ಬಕೆಟ್ ಉಚ್ಚೆ ತರ್ಲಾ, ತಾಯಿ?” ಎಂದ ಬೆರ್ತೊ. ನೆನಿತಾ ನಕ್ಕಳು, ಆಮೇಲೆ ಅತ್ತಳು. ಕೊಳ್ಳುವವರಿಗೆ ಬೇಡವೆಂದು ಹೇಳಿಬಿಡು. ಮತ್ತೆ, ಫೋನ್ ನನಗೆ ಮಾಡಬೇಡ, ಅವಳಿಗೆ ಮಾಡು. ತನ್ನ ಕಡೆ ಎಷ್ಟು ಮಂದಿ ಇದ್ದೇವೆ ಎಂಬುದು ಅವಳಿಗೂ ಗೊತ್ತಿಲ್ಲ.