ವಾಲಬಿ ಮರಿಗೆ ಹೊದಿಸಿದ ಶಾಲು

ಆಮಾ,

ನೀನು ತೀರಿಹೋಗಿ ವರ್ಷವಾಗುತ್ತ ಬಂತು. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನನ್ನ ಜೊತೆ ಬೇಕರಿಯಲ್ಲಿ ಕೆಲಸ ಮಾಡುವ ಮೊರೀನ್, ಟಾಸ್ಮೇನಿಯಾದ ಬೆಟ್ಟ ತೋರಿಸುತ್ತೇನೆಂದು ಕಾರಿನಲ್ಲಿ ಕರೆದೊಯ್ದಳು. ದಾರಿಯಲ್ಲಿ ಯಾವುದೋ ಗಾಡಿಗೆ ಸಿಕ್ಕಿ ಸತ್ತ ವಾಲಬಿ ಬಿದ್ದಿತ್ತು. ಕಾಂಗರೂವಿನ ಚಿಕ್ಕ ಜಾತಿ ಅದು. ಮೊರೀನ್ ಇಳಿದು ಅದರ ಹೊಟ್ಟೆಯ ಚೀಲದೊಳಗೆ ಕೈಯಿಟ್ಟು ನೋಡಿದಳು. ಮರಿ ಬದುಕಿತ್ತು.

“ಬೇಗ, ಬೆಚ್ಚಗಿರೋದು ಏನಾದ್ರೂ ಕೊಡೇ!”

ನೇಪಾಳದ ನಮ್ಮ ಪೊಖರಾದಿಂದ ನೀನು ಹೆಣೆದು ಕಳಿಸಿದ್ದ ಶಾಲು ಬ್ಯಾಗಿನಲ್ಲಿತ್ತು. ಈಚೆಗೆ ಅದನ್ನು ಹೋದಲ್ಲೆಲ್ಲ ಒಯ್ಯುತ್ತೇನೆ. ಒಂದು ದಿನವೂ ಹೊದ್ದಿರಲಿಲ್ಲ.

ತೆಗೆದುಕೊಟ್ಟೆ. ಮೊರೀನ್ ಮರಿಯನ್ನು ಅದರಲ್ಲಿ ಸುತ್ತಿ ನನ್ನ ಎದೆಗೆ ಕಟ್ಟಿದಳು. ಆಮೇಲೆ ಸತ್ತ ತಾಯಿಯ ಮೈಮೇಲೆ, ಕಾರಿನಲ್ಲಿ ಇಟ್ಟುಕೊಂಡಿದ್ದ ಬಣ್ಣದಿಂದ ದೊಡ್ಡ ಗುರುತು ಹಾಕಿದಳು. ಚೀಲ ನೋಡಿಯಾಗಿದೆ, ಇನ್ಯಾರೂ ನಿಲ್ಲಬೇಕಾಗಿಲ್ಲ ಎಂದು ಅದರ ಅರ್ಥ.

“ಬೆಟ್ಟ ನೋಡೋಕೆ ಬಂದವಳು ಬಾಣಂತಿ ಆಗ್ಬಿಟ್ಯಲ್ಲೇ!” ಎಂದು ನಕ್ಕು, ಶಾಲು ಸವರಿದಳು. “ಯಾರು ಹೆಣೆದಿದ್ದು?”

“ನಮ್ಮಮ್ಮ.”

“ಹಾಗಾದ್ರೆ ಇವತ್ತೇ ಫೋನ್ ಮಾಡಿ ಹೇಳು. ಖುಷಿಪಡ್ತಾರೆ.”

“ಹ್ಞೂಂ, ಹೇಳ್ತೀನಿ,” ಎಂದೆ.

ಶಾಲು ತುಂಬಾ ಬೆಚ್ಚಗಿದೆ, ಆಮಾ.